ನೀರಿಗಿಳಿದವರ ದಾರ

ಶಿಡ್ಲಘಟ್ಟದಲ್ಲಿ ರೀಲು ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ, ಹಲವು ಎಳೆ ಸೇರಿಸಿ ಸುತ್ತುವುದು ಇಲ್ಲಿ ಎಷ್ಟೋ ಮನೆಗಳ ಅನ್ನ. ಎಳೆ ಸಡಿಲವಾದರೆ ಸಿಕ್ಕು, ಸಿಕ್ಕಾದರೆ ನಷ್ಟ. ನೀರೊಳಗಿನ ಗುಹೆಗೆ ಇಳಿಯುವ ಸ್ಕೂಬಾ ಮುಳುಗುಗಾರರ ಹತ್ತಿರವೂ ಒಂದು ರೀಲು ಇರುತ್ತದೆ. ಅಲ್ಲಿ ದಾರ ಸಿಕ್ಕಾದರೆ ಪ್ರಾಣವೇ ಹೋಗಬಹುದು. ಆ ರೀಲು ಬಂದದ್ದು ಹೇಗೆ ಎಂಬುದನ್ನು ಈ ಸಲ ನೋಡೋಣ.

ಮೊದಲು ನಮ್ಮ ಬಾವಿಯನ್ನೇ ನೆನೆಯೋಣ. ತೆರೆದ ಬಾವಿಗಳಲ್ಲಿ ನೀರಿದ್ದ ಕಾಲದಲ್ಲಿ ಕೊಡ ಬಿದ್ದರೆ ಹಗ್ಗಕ್ಕೆ ಪಾತಾಳಗರಡಿ ಕಟ್ಟಿ ಇಳಿಬಿಡುತ್ತಿದ್ದರು. ಹೂಳೆತ್ತಲು ಆಳು ಇಳಿದರೆ ಸೊಂಟಕ್ಕೆ ಹಗ್ಗ, ಅದರ ಇನ್ನೊಂದು ತುದಿ ಮೇಲೆ ನಿಂತವರ ಕೈಯಲ್ಲಿ. ಕೆಳಗಿನವರ ಜೀವ ಮೇಲಿನವರ ಕೈಯಲ್ಲಿ ಎನ್ನುವುದು ಬರೀ ಮಾತಾಗಿರಲಿಲ್ಲ.

ಸಮುದ್ರದಲ್ಲೂ ಹಿಂದೆ ಹೀಗೇ ಇತ್ತು. ಲೋಹದ ಟೋಪಿ ಹಾಕಿ ಮುಳುಗುವವರಿಗೆ ಮೇಲಿನಿಂದ ಗಾಳಿಯ ಕೊಳವೆ, ಜೊತೆಗೊಂದು ಹಗ್ಗ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸಾಧನ ರೂಪಿಸಿದರು. ಕೊಳವೆಯ ಹಂಗು ತಪ್ಪಿತು.

ಆದರೆ ದಾರದ ಹಂಗು ತಪ್ಪಲಿಲ್ಲ. 1946ರಲ್ಲಿ ಕುಸ್ತೋ ಮತ್ತು ಫ್ರೆಡರಿಕ್ ದ್ಯೂಮಾ ಫ್ರಾನ್ಸಿನ ವೋಕ್ಲೂಸ್ ಎಂಬಲ್ಲಿ ಭಾರಿ ಬುಗ್ಗೆಯೊಂದರ ಒಳಗೆ ಇಳಿದರು. ಮೇಲೆ ಹಗ್ಗ ಹಿಡಿದಿದ್ದವರು ಮೊರಿಸ್ ಫಾರ್ಗ್. ಹಗ್ಗ ಜಗ್ಗುವುದೇ ಸನ್ನೆ. ಸಿಲಿಂಡರಿಗೆ ತುಂಬಿದ್ದ ಗಾಳಿಯಲ್ಲೇ ವಿಷದ ಹೊಗೆ ಸೇರಿತ್ತು. ಕತ್ತಲ ಆಳದಲ್ಲಿ ಇಬ್ಬರಿಗೂ ತಲೆ ಮಂಕಾಯಿತು, ದ್ಯೂಮಾಗೆ ಪ್ರಜ್ಞೆ ತಪ್ಪುತ್ತ ಬಂತು. ಕೊನೆಗೆ ಫಾರ್ಗ್ ಹಗ್ಗ ಎಳೆದುಕೊಂಡಿದ್ದರಿಂದ ಇಬ್ಬರೂ ಬದುಕಿದರು.

ಗುಹೆ ಉದ್ದವಾಗಿ, ತಿರುವು ಮುರುವಾಗಿದ್ದರೆ ಮೇಲಿನಿಂದ ಹಗ್ಗ ಹಿಡಿದು ಪ್ರಯೋಜನವಿಲ್ಲ. ಬಂಡೆಗೆ ಸಿಕ್ಕಿಕೊಳ್ಳುತ್ತದೆ, ಸನ್ನೆ ತಲುಪುವುದಿಲ್ಲ. ಹಾಗಾಗಿ ರೀಲನ್ನು ಮುಳುಗುವವರೇ ಹಿಡಿದು, ಹೋಗುತ್ತಾ ದಾರ ಬಿಡುವ, ಬರುತ್ತಾ ಸುತ್ತಿಕೊಳ್ಳುವ ಪದ್ಧತಿ ಬಂತು. ಅಮೆರಿಕದ ಫ್ಲೋರಿಡಾದ ಗುಹೆಗಳಲ್ಲಿ ಅನೇಕರು ಸತ್ತಿದ್ದರು. ಆ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದ ಶೆಕ್ ಎಕ್ಸ್‌ಲಿ 1979ರಲ್ಲಿ ಪುಸ್ತಕ ಬರೆದರು. ಗುಹೆಯ ಬಾಯಿಯವರೆಗೆ ಎಲ್ಲೂ ತುಂಡಾಗದ ದಾರ ಇರಬೇಕು ಎಂಬುದು ಅವರು ಎತ್ತಿ ಹೇಳಿದ ನಿಯಮಗಳಲ್ಲಿ ಒಂದು. ಕಾಲು ಬಡಿದು ಹೂಳೆದ್ದರೆ ಟಾರ್ಚ್ ಇದ್ದರೂ ಅಂಗೈ ಕಾಣದು. ಆಗ ದಾರ ಬೆರಳಲ್ಲಿದ್ದರೆ ಮಾತ್ರ ದಾರಿ.

ರೀಲಿನಲ್ಲೂ ಬಗೆಗಳಿವೆ. ಹಿಡಿಕೆ, ತಿರುಗಿಸುವ ಗುಂಡಿ ಇರುವ ದೊಡ್ಡ ರೀಲಿನಲ್ಲಿ ಹೆಚ್ಚು ದಾರ ಹಿಡಿಯುತ್ತದೆ, ಬೇಗ ಸುತ್ತಬಹುದು. ಆದರೆ ದಾರ ಸಡಿಲವಾದರೆ ಒಳಗೆ ಸಿಕ್ಕಿ ನಿಂತುಬಿಡುತ್ತದೆ. ನಡುವೆ ತೂತಿರುವ, ಬೆರಳಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಉಂಡೆಯೇ ಸ್ಪೂಲ್. ಅದರಲ್ಲಿ ಕೆಡುವ ಭಾಗವೇ ಇಲ್ಲ, ಆದರೆ ಕೈಯಲ್ಲಿ ಸುತ್ತಲು ಹೊತ್ತು ಬೇಕು. ದೂರಕ್ಕೆ ದೊಡ್ಡದು, ಆಪತ್ತಿಗೆ ಸಣ್ಣದು ಎಂದು ಎರಡನ್ನೂ ಒಯ್ಯುತ್ತಾರೆ. ತೆರೆದ ಸಮುದ್ರದಲ್ಲಿ, ನಮ್ಮ ಮುರುಡೇಶ್ವರದ ಹತ್ತಿರದ ನೇತ್ರಾಣಿಯಂಥ ಕಡೆ, ಸ್ಪೂಲಿನ ಕೆಲಸ ಬೇರೆ: ದೋಣಿಯವರಿಗೆ ಕಾಣಲೆಂದು ಬಣ್ಣದ ತೇಲುಚೀಲವನ್ನು ಕೆಳಗಿನಿಂದ ಮೇಲೆ ಬಿಡುವುದು.

ಗುಹೆಯ ದಾರ ನೈಲಾನಿನದು, ನೀರಲ್ಲಿ ಮುಳುಗುತ್ತದೆ. ಮೊದಲ ಗಂಟನ್ನು ಗುಹೆಯ ಹೊರಗೆ, ನೇರ ಮೇಲೆ ಏಳಬಹುದಾದ ಜಾಗದಲ್ಲಿ ಹಾಕಬೇಕು. ಎರಡನೆಯದು ಬಾಯಿಯ ಸ್ವಲ್ಪ ಒಳಗೆ. ಆಮೇಲೆ ದಾರ ಎಂದೂ ಬಿಗಿ ಬಿಡಬಾರದು. ಶಿಡ್ಲಘಟ್ಟದ ರೀಲರುಗಳಿಗೆ ಇದು ಹೊಸ ಪಾಠವೇನಲ್ಲ.

2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 12 ಹುಡುಗರು ಮತ್ತು ಅವರ ಕೋಚ್ ನೀರಿನಿಂದಾಗಿ ಒಳಗೇ ಉಳಿದದ್ದು ನಿಮಗೆ ನೆನಪಿರಬಹುದು. ಜುಲೈ 2ರಂದು ಅವರನ್ನು ಕಂಡ ಜಾನ್ ವೊಲಾಂಥೆನ್ ಮತ್ತು ರಿಕ್ ಸ್ಟಾಂಟನ್ ದಾರ ಹಾಕುತ್ತಲೇ ಒಳಗೆ ಹೋಗಿದ್ದರು. ಆಮೇಲೆ ಮಕ್ಕಳನ್ನು ಒಬ್ಬೊಬ್ಬರಾಗಿ ಹೊರತಂದದ್ದೂ ಹಾಗೆ ಹಾಕಿದ ದಾರದ ಗುಂಟವೇ.

ನಮ್ಮ ಜಿಲ್ಲೆಯಲ್ಲಿ ಅಂಥ ಗುಹೆಗಳಿಲ್ಲ, ಸ್ಕೂಬಾ ಕಲಿಯಿರಿ ಎಂದು ನಾವು ಹೇಳುತ್ತಲೂ ಇಲ್ಲ. ಆದರೆ ಬರದಲ್ಲಿ ಬೆಳೆದ ಮಕ್ಕಳ ಮುಂದೆ ಈಗ ನೀರು ಬಂದಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಎಲ್ಲಿಗೆ ಹೋದರೂ ಹೊಲದಲ್ಲಿ ಕೃಷಿಹೊಂಡ ಕಾಣುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಇಳಿಜಾರಿನಲ್ಲಿ ಕಾಲು ನಿಲ್ಲುವುದಿಲ್ಲ, ಈಜು ಬಂದವರೂ ಹತ್ತಲಾರರು. ಒಬ್ಬರನ್ನು ಎತ್ತಲು ಇನ್ನೊಬ್ಬರು ಬರಿಗೈಯಲ್ಲಿ ಇಳಿದರೆ ಇಬ್ಬರೂ ಹೋಗುತ್ತಾರೆ.

ದಡದಲ್ಲಿ ಗೂಟ ನೆಟ್ಟು, ಗಂಟು ಗಂಟಿನ ಹಗ್ಗವೊಂದನ್ನು ನೀರಿನವರೆಗೆ ಇಳಿಬಿಡಿ. ಎಸೆಯಲು ಇನ್ನೊಂದು ಹಗ್ಗಕ್ಕೆ ಗಾಳಿ ತುಂಬಿದ ಹಳೇ ಟ್ಯೂಬು ಕಟ್ಟಿಡಿ. ಸುತ್ತ ಬೇಲಿಯೂ ಇರಲಿ. ಕುಸ್ತೋ ಅವರನ್ನು ಉಳಿಸಿದ್ದೂ, ನಮ್ಮ ಬಾವಿಗಿಳಿದವರನ್ನು ಕಾಯ್ದದ್ದೂ ಒಂದೇ: ಇಳಿಯುವ ಮೊದಲೇ ದಡದಲ್ಲಿ ಭದ್ರವಾಗಿದ್ದ ಒಂದು ತುದಿ.