ಕ್ಲೌಡಿನ ಕಾವಲು ಮತ್ತು ಕೃತಕ ಬುದ್ಧಿಯ ಸಹಾಯಕ

ಗಣಕಯಂತ್ರಗಳ ರಕ್ಷಣೆಯ ಚರಿತ್ರೆಯನ್ನು ಪರಾಮರ್ಶಿಸಿದಲ್ಲಿ, ಸಾಕ್ಷ್ಯದ ಕೊರತೆಗಿಂತಲೂ ಅದನ್ನು ಓದತಕ್ಕವರ ಕೊರತೆಯೇ ಹಿರಿದಾಗಿತ್ತೆಂಬುದು ವ್ಯಕ್ತವಾಗುವುದು. 1980ರಲ್ಲಿ ಜೇಮ್ಸ್ ಆಂಡರ್ಸನ್ನರು ಬಳಕೆಯ ದಾಖಲೆಗಳಿಂದಲೇ ಅಕ್ರಮವನ್ನು ಕಂಡುಹಿಡಿಯಬಹುದೆಂದು ಪ್ರತಿಪಾದಿಸಿದರು. 1987ರಲ್ಲಿ ಡೊರೊತಿ ಡೆನ್ನಿಂಗ್ ಅವರು, ವಾಡಿಕೆಯ ನಡತೆಗೆ ಹೊರತಾದುದನ್ನು ಹೇತುವಾಗಿಟ್ಟು ಅತಿಕ್ರಮಣವನ್ನು ಅನುಮಾನಿಸುವ ಕ್ರಮವನ್ನು ನಿರೂಪಿಸಿದರು. ತರುವಾಯ ಕಾರ್ಯಗಳು ಬಾಡಿಗೆಯ ದೂರಸ್ಥ ಗಣಕಗಳಿಗೆ, ಅರ್ಥಾತ್ ಕ್ಲೌಡಿಗೆ, ಸಾಗಿದುವು. 2013ರಲ್ಲಿ ಅಮೆಜಾನ್ ಸಂಸ್ಥೆಯು ಕ್ಲೌಡ್‌ಟ್ರೇಲ್ ವ್ಯವಸ್ಥೆಯನ್ನು ಹೊರತಂದಿತು. ಯಾರು, ಎಲ್ಲಿಂದ, ಯಾವ ಆಜ್ಞೆಯನ್ನಿತ್ತರೆಂಬುದು ಅದರಲ್ಲಿ ಲಿಖಿತವಾಗತೊಡಗಿತು. ದಾಖಲೆಯ ರಾಶಿಯು ಮನುಷ್ಯರ ಓದಿಗೆ ಮೀರಿತು.

2024ರ ನವೆಂಬರಿನಲ್ಲಿ ಆಂತ್ರೊಪಿಕ್ ಸಂಸ್ಥೆಯು ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಸಂಧಾನಕ್ರಮವು, ಕೃತಕ ಬುದ್ಧಿಯ ಸಹಾಯಕನನ್ನು ಇಂಥ ಸಾಧನಗಳೊಡನೆ ಜೋಡಿಸುವ ಸಾಮಾನ್ಯ ಮಾರ್ಗವನ್ನು ಕಲ್ಪಿಸಿತು. ರಾಶಿಯನ್ನು ಓದುವವನು ದೊರೆತನು. ಜೊತೆಗೆ ಅಪಾಯವೊಂದೂ ಒದಗಿತು. ದಾಖಲೆಯಲ್ಲಿ ಕಳ್ಳನ ಮಾತೂ ಸೇರಿರುವುದು. ತಾನು ಬಳಸುವ ತಂತ್ರಾಂಶದ ಹೆಸರನ್ನು ಬರೆಯತಕ್ಕ ಸ್ಥಾನದಲ್ಲಿ ಅವನು ಆಜ್ಞೆಯೊಂದನ್ನು ಬರೆದಿಟ್ಟರೆ, ಸಹಾಯಕನು ಅದನ್ನು ಒಡೆಯನ ಆಜ್ಞೆಯೆಂದು ಭ್ರಮಿಸಬಹುದು. ಆದಕಾರಣ ಅವನಿಗೆ ಓದುವ ಅಧಿಕಾರವನ್ನು ಮಾತ್ರ ಕೊಟ್ಟು, ಖಾತೆಯನ್ನು ತಡೆಯುವ, ಕೀಲಿಯನ್ನು ಬದಲಿಸುವ ಕಾರ್ಯಗಳನ್ನು ಮನುಷ್ಯರ ಅನುಮತಿಗೆ ಒಳಪಡಿಸುವುದೇ ಯುಕ್ತ. ಜ್ಞಾನಕ್ಕೆ ಸಾಧನವಾದುದು ಕ್ರಿಯೆಗೂ ಅಧಿಕಾರಿಯಾಗಬೇಕೆಂಬ ನಿಯಮವಿಲ್ಲ.