ಬಾಬಿ ಆರ್

ಬಾಬಿ ಆರ್ (ಜನನ: 20 ಮಾರ್ಚ್ 1948) ಕೆನಡಾದ ನಿವೃತ್ತ ಐಸ್ ಹಾಕಿ ಆಟಗಾರ. ಒಂಟಾರಿಯೊ ಪ್ರಾಂತ್ಯದ ಪ್ಯಾರಿ ಸೌಂಡ್‌ನಲ್ಲಿ ಹುಟ್ಟಿದ ಇವರು ನ್ಯಾಷನಲ್ ಹಾಕಿ ಲೀಗಿನಲ್ಲಿ 1966ರಿಂದ 1976ರವರೆಗೆ ಬಾಸ್ಟನ್ ಬ್ರೂಯಿನ್ಸ್ ಪರವಾಗಿ, ಬಳಿಕ ಶಿಕಾಗೊ ಬ್ಲ್ಯಾಕ್ ಹಾಕ್ಸ್ ಪರವಾಗಿ ಆಡಿದರು. ಇವರಿಗಿಂತ ಹೆಚ್ಚು ಗೋಲು ಹೊಡೆದವರೂ ಹೆಚ್ಚು ಕಾಲ ಆಡಿದವರೂ ಅನೇಕರಿದ್ದಾರೆ. ಆದರೆ ರಕ್ಷಣಾ ಆಟಗಾರನ ಕೆಲಸ ಏನೆಂಬ ಕಲ್ಪನೆಯನ್ನೇ ಇವರಷ್ಟು ಬದಲಿಸಿದವರು ಇನ್ನೊಬ್ಬರಿಲ್ಲ.

ಎದುರಾಳಿಯನ್ನು ತಡೆಯುವುದು, ಪಕ್ (ಆಟದ ರಬ್ಬರ್ ಬಿಲ್ಲೆ) ಸಿಕ್ಕರೆ ಮುಂಪಡೆಗೆ ದಾಟಿಸಿ ಹಿಂದೆಯೇ ಉಳಿಯುವುದು ರಕ್ಷಣಾ ಆಟಗಾರನ ಹಳೆಯ ರೂಢಿ. ಹಿಂದಿನ ರಕ್ಷಣಾ ಆಟಗಾರರಾದ ಡಗ್ ಹಾರ್ವಿ, ರೆಡ್ ಕೆಲ್ಲಿ ಅದನ್ನು ಮೊದಲೇ ಸಡಿಲಿಸಿದ್ದರು, ನಿಜ. ಆರ್ ಅದನ್ನು ಮುರಿದೇಬಿಟ್ಟರು. 1969–70ರಲ್ಲಿ 33 ಗೋಲು ಹೊಡೆದು, 87 ಗೋಲುಗಳಿಗೆ ನೆರವಾಗಿ, 120 ಅಂಕಗಳೊಂದಿಗೆ ಇಡೀ ಲೀಗಿನಲ್ಲೇ ಮೊದಲಿಗರಾದರು. 1974–75ರಲ್ಲಿ ಮತ್ತೆ ಅದನ್ನೇ ಸಾಧಿಸಿದರು. ಆ ಗೌರವ ಬೇರಾವ ರಕ್ಷಣಾ ಆಟಗಾರನಿಗೂ ಸಿಕ್ಕಿಲ್ಲ. 1970ರ ಮೇ 10ರಂದು ಹೆಚ್ಚುವರಿ ಅವಧಿಯಲ್ಲಿ ಸೇಂಟ್ ಲೂಯಿಸ್ ಬ್ಲೂಸ್ ತಂಡದ ಗೋಲಿನೆದುರೇ ನುಗ್ಗಿ ಇವರು ಹೊಡೆದ ಗೋಲಿನಿಂದ, ಬಾಸ್ಟನ್ 1941ರ ನಂತರ ಮೊದಲ ಬಾರಿಗೆ ಲೀಗಿನ ಚಾಂಪಿಯನ್ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದಿತು. ಹೀಗೆ ಮುನ್ನುಗ್ಗಿದರೆ ರಕ್ಷಣೆ ಸೊರಗುವುದಿಲ್ಲವೇ? 1970–71ರಲ್ಲಿ ಇವರು ಕಣದಲ್ಲಿದ್ದಾಗ, ಪವರ್ ಪ್ಲೇ (ಎದುರಾಳಿ ಆಟಗಾರ ಶಿಕ್ಷೆಯಿಂದ ಹೊರಗಿರುವ ಹೊತ್ತಿನ) ಗೋಲುಗಳನ್ನು ಬಿಟ್ಟು, ಬಾಸ್ಟನ್ ಹೊಡೆದ ಗೋಲುಗಳು ಬಿಟ್ಟುಕೊಟ್ಟವುಗಳಿಗಿಂತ 124 ಹೆಚ್ಚು. ಈ ದಾಖಲೆಯನ್ನು ಯಾರೂ ಮುರಿದಿಲ್ಲ. ಪಕ್ ತಮ್ಮಲ್ಲೇ ಇದ್ದರೆ ಎದುರಾಳಿ ದಾಳಿ ಮಾಡಲಾರ ಎಂಬುದೇ ಇವರ ರಕ್ಷಣೆಯ ತತ್ತ್ವವಾಗಿತ್ತು.

1967ರಲ್ಲಿ ಲೀಗ್ 6 ತಂಡಗಳಿಂದ 12ಕ್ಕೆ ಹಿಗ್ಗಿದ್ದರಿಂದ ದುರ್ಬಲ ತಂಡಗಳೆದುರು ಅಂಕ ಗಳಿಸುವುದು ಸುಲಭವಾಯಿತು ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಅದೇ ತಂಡಗಳೆದುರು ಆಡಿದ ಉಳಿದ ರಕ್ಷಣಾ ಆಟಗಾರರು ಇವರ ಸಮೀಪಕ್ಕೂ ಬರಲಿಲ್ಲ. 1968ರಿಂದ 1975ರವರೆಗೆ ಸತತ 8 ಬಾರಿ, ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿ ಇವರದೇ ಆಯಿತು. ಸೋವಿಯತ್ ಒಕ್ಕೂಟ, ಚೆಕೊಸ್ಲೊವಾಕಿಯಾಗಳಂಥ ಬಲಿಷ್ಠ ತಂಡಗಳಿದ್ದ 1976ರ ಕೆನಡಾ ಕಪ್‌ನಲ್ಲಿ, ಮೊಣಕಾಲು ಕೆಟ್ಟಿದ್ದರೂ, ಇವರೇ ಅತ್ಯಂತ ಮೌಲ್ಯಯುತ ಆಟಗಾರರೆನಿಸಿದರು. ಅದೇ ಮೊಣಕಾಲಿನಿಂದಾಗಿ ಶಿಕಾಗೊ ಪರವಾಗಿ 26 ಪಂದ್ಯಗಳಷ್ಟೇ ಸಾಧ್ಯವಾದವು; 1978ರಲ್ಲಿ, 30ನೇ ವಯಸ್ಸಿನಲ್ಲಿ ನಿವೃತ್ತರಾದರು. ಒಟ್ಟು 657 ಪಂದ್ಯಗಳ ವೃತ್ತಿಜೀವನ ಅಳತೆಗೆ ಸಾಲದು ಎನ್ನುವವರಿಗೆ ಉತ್ತರ ನಂತರದ ಪೀಳಿಗೆಯಲ್ಲಿದೆ. 1985–86ರಲ್ಲಿ ರಕ್ಷಣಾ ಆಟಗಾರ ಪಾಲ್ ಕಾಫಿ 48 ಗೋಲು ಹೊಡೆದು, ಒಂದೇ ಋತುವಿನಲ್ಲಿ ರಕ್ಷಣಾ ಆಟಗಾರನೊಬ್ಬ ಹೊಡೆದ ಗೋಲುಗಳಲ್ಲಿ ಆರ್ ಅವರದಾಗಿದ್ದ 46ರ ದಾಖಲೆಯನ್ನು ದಾಟಿದರು. ದಾಖಲೆ ಕೈತಪ್ಪಿದ್ದು ಸೋಲಲ್ಲ: ರಕ್ಷಣಾ ಆಟಗಾರನೊಬ್ಬ ಅಷ್ಟು ದೂರ ಮುನ್ನುಗ್ಗಲು ದಾರಿ ತೆರೆದವರು ಆರ್.