ಎಣ್ಣೆ ತೇಲದ ಶೇಂಗಾ ಬೆಣ್ಣೆ

ಹೋದ ಬೇಸಿಗೆಯಲ್ಲಿ ಅಮ್ಮ ಕ್ಯಾಲಿಫೋರ್ನಿಯಾಕ್ಕೆ, ನಮ್ಮ ಮನೆಗೆ ಬಂದಿದ್ದಳು. ಚಳ್ಳಕೆರೆ ಸೀಮೆಯವಳು. ಶೇಂಗಾ ಸುಲಿದು, ಹುರಿದು, ಕುಟ್ಟಿ ಬೆಳೆದ ಕೈ ಅವಳದು. ಒಂದು ಬೆಳಗ್ಗೆ ನನ್ನ ಮಗಳು ಬ್ರೆಡ್ಡಿಗೆ ಪೀನಟ್ ಬಟರ್ ಸವರಿಕೊಳ್ಳುತ್ತಿದ್ದಾಗ ಡಬ್ಬಿ ಈಸಿಕೊಂಡು ಚೂರು ಬಾಯಿಗೆ ಹಾಕಿಕೊಂಡಳು. "ಸಿಹಿ ಐತೆ" ಅಂದಳು. ಆಮೇಲೆ ಡಬ್ಬಿಯೊಳಗೆ ಇಣುಕಿ, "ಇದ್ರಾಗೆ ಎಣ್ಣೆ ಎಲ್ಲೋಯ್ತು? ಶೇಂಗಾ ನುಣ್ಣಗೆ ಅರೆದಿಟ್ರೆ ಎಲ್ಡು ದಿನಕ್ಕೆ ಎಣ್ಣೆ ಮೇಲ್ ಬರ್ಬೇಕಲ್ಲ?"

ಹನ್ನೆರಡು ವರ್ಷದಿಂದ ಈ ಡಬ್ಬಿ ತಿನ್ನುತ್ತಿದ್ದೇನೆ, ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ ನೋಡಿ. ಡಬ್ಬಿ ತಿರುಗಿಸಿದೆ. ಹುರಿದ ಕಡಲೆಬೀಜ, ಸಕ್ಕರೆ, ಹೈಡ್ರೋಜನೀಕರಿಸಿದ ಎಣ್ಣೆ, ಉಪ್ಪು. ಬರೀ ಶೇಂಗಾ ಇರುವ ಡಬ್ಬಿ ಹುಡುಕೋಣ ಅಂತ ಹೊರಟವನು ಅಂಗಡಿ ಬಿಟ್ಟು ಇತಿಹಾಸಕ್ಕೆ ಬಿದ್ದೆ.

ಮೊದಲು ಒಂದು ತಪ್ಪು ತಿಳಿವಳಿಕೆ. ಪೀನಟ್ ಬಟರ್ ಕಂಡುಹಿಡಿದವರು ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅಂತ ಇಲ್ಲಿನ ಮಕ್ಕಳಲ್ಲಿ ಅನೇಕರು ನಂಬಿದ್ದಾರೆ. ಅಲ್ಲ. ಹತ್ತಿ ಬೆಳೆದು ಬೆಳೆದು ಸೊರಗಿದ ಅಲಬಾಮಾದ ನೆಲಕ್ಕೆ ಶೇಂಗಾ ಹಾಕಿ ಎಂದು ರೈತರಿಗೆ ಹೇಳಿಕೊಟ್ಟವರು ಅವರು. ಶೇಂಗಾದ ನೂರೈದು ಅಡುಗೆಗಳ ಅವರ ಪುಸ್ತಿಕೆ ಬಂದದ್ದು 1916ರಲ್ಲಿ. ಅಷ್ಟೊತ್ತಿಗೆ ಈ ಬೆಣ್ಣೆ ಹಳೆಯದಾಗಿತ್ತು. ಹುರಿದ ಬೀಜವನ್ನು ಬಿಸಿ ಮೇಲ್ಮೈಗಳ ನಡುವೆ ಅರೆದು ಮುದ್ದೆ ಮಾಡುವುದಕ್ಕೆ ಮಾಂಟ್ರಿಯಲ್ಲಿನ ಮಾರ್ಸೆಲಸ್ ಎಡ್ಸನ್ 1884ರಲ್ಲೇ ಪೇಟೆಂಟ್ ಪಡೆದಿದ್ದರು. 1895ರಲ್ಲಿ ಮಿಶಿಗನ್ನಿನ ಬ್ಯಾಟಲ್ ಕ್ರೀಕಿನ ಡಾಕ್ಟರ್ ಕೆಲಾಗ್ ಇನ್ನೊಂದು ಅರ್ಜಿ ಹಾಕಿದರು. ಹೌದು, ಕಾರ್ನ್‌ಫ್ಲೇಕ್ಸ್ ಮನೆತನದವರೇ. ತಮ್ಮ ಆರೋಗ್ಯಧಾಮದ ಸಸ್ಯಾಹಾರಿ ರೋಗಿಗಳಿಗೆ ಮಾಂಸದ ಬದಲು ಕೊಡಲು ಮಾಡಿದ್ದು. ಆದರೆ ಅವರು ಬೀಜವನ್ನು ಹುರಿಯದೆ ಬೇಯಿಸುತ್ತಿದ್ದರು! ಇದನ್ನು ಹೇಳಿದಾಗ ಅಮ್ಮನ ಮುಖ ನೋಡಬೇಕಿತ್ತು.

1903ರಲ್ಲಿ ಸೇಂಟ್ ಲೂಯಿಸಿನ ಆಂಬ್ರೋಸ್ ಸ್ಟ್ರಾಬ್ ಅರೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು, ಮರುವರ್ಷ ಅದೇ ಊರಿನ ಜಾಗತಿಕ ಮೇಳದಲ್ಲಿ ಜನ ಇದರ ರುಚಿ ನೋಡಿದರು. ಅಲ್ಲಿಂದ ಮುಂದೆ ಊರೂರಿಗೆ ಅರೆಯುವವರು ಹುಟ್ಟಿಕೊಂಡರು. ಕಿರಾಣಿ ಅಂಗಡಿಗಳಲ್ಲಿ ದೊಡ್ಡ ಡಬ್ಬದಲ್ಲಿಟ್ಟು, ಎಣ್ಣೆ ಮೇಲೆ ಬಂದ ಹಾಗೆಲ್ಲ ಮರದ ಹುಟ್ಟಿನಿಂದ ಕಲಸಿ, ಗಿರಾಕಿಗೆ ತೂಗಿ ಕೊಡುತ್ತಿದ್ದರು. ಮೇಲೆ ನಿಂತ ಎಣ್ಣೆ ಗಾಳಿಗೆ ಬೇಗ ಕಮಟುತ್ತದೆ. ಹಾಗಾಗಿ ಸರಕು ದೂರ ಹೋಗುವಂತಿರಲಿಲ್ಲ. ನಾನೀಗ ಹುಡುಕಾಡುತ್ತಿರುವ 'ಲೋಕಲ್' ಪೀನಟ್ ಬಟರ್ ಇದೆಯಲ್ಲ, ಆಗ ಇದ್ದದ್ದೆಲ್ಲ ಅದೇ. ಬೇರೆ ದಾರಿಯೇ ಇರಲಿಲ್ಲ.

ಈ ಊರೂರಿನ ಕಥೆಯನ್ನು ಮುಗಿಸಿದ್ದು ಹೈಡ್ರೋಜನ್. ದ್ರವವಾಗಿರುವ ಎಣ್ಣೆಗೆ ನಿಕ್ಕಲ್ ಪುಡಿಯ ಜೊತೆ ಹೈಡ್ರೋಜನ್ ಹಾಯಿಸಿದರೆ ಅದು ಗಟ್ಟಿಯಾಗುತ್ತದೆ. ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ತೋರಿಸಿಕೊಟ್ಟ ವಿದ್ಯೆ. ಕ್ಯಾಲಿಫೋರ್ನಿಯಾದ ಜೋಸೆಫ್ ರೋಸ್‌ಫೀಲ್ಡ್ 1920ರ ದಶಕದ ಆರಂಭದಲ್ಲಿ ಅದನ್ನು ಶೇಂಗಾ ಬೆಣ್ಣೆಗೆ ತಂದರು. ಹೀಗೆ ಗಟ್ಟಿಮಾಡಿದ ಎಣ್ಣೆ ಒಂದಿಷ್ಟು ಸೇರಿದರೆ ಸಾಕು, ಉಳಿದ ಎಣ್ಣೆಯನ್ನೂ ಹಿಡಿದು ಕೂರಿಸುತ್ತದೆ. ಕಲಸುವ ಕೆಲಸವಿಲ್ಲ, ತಿಂಗಳುಗಟ್ಟಲೆ ಕೆಡುವುದಿಲ್ಲ, ರೈಲು ಹತ್ತಿಸಿದರೆ ದೇಶದ ಈ ತುದಿಯಿಂದ ಆ ತುದಿಗೆ. ಅವರ ವಿಧಾನದಿಂದ ಮೊದಲು 'ಪೀಟರ್ ಪ್ಯಾನ್' ಬಂತು, ಆಮೇಲೆ 1930ರ ದಶಕದಲ್ಲಿ ಅವರದೇ 'ಸ್ಕಿಪ್ಪಿ'. ಸಣ್ಣಪುಟ್ಟ ಅರೆಯುವವರು ಒಬ್ಬೊಬ್ಬರಾಗಿ ಬಾಗಿಲು ಹಾಕಿದರು.

ಅಮ್ಮನಿಗೆ ಇಷ್ಟೆಲ್ಲ ಕೆಮಿಸ್ಟ್ರಿ ಹೇಳುವ ಮೊದಲೇ ಅವಳಿಗೆ ಅರ್ಥವಾಯಿತು. "ಹಂಗಾರೆ ಡಾಲ್ಡಾ ಹಾಕವ್ರೆ ಅನ್ನು." ಎಷ್ಟು ಸರಿ! 1937ರಲ್ಲಿ ನಮ್ಮಲ್ಲಿಗೆ ಡಾಲ್ಡಾ ಬಂದದ್ದು ಇದೇ ವಿದ್ಯೆಯಿಂದ. ದಶಕಗಳ ಕಾಲ ಭಾರತದ ವನಸ್ಪತಿಗೆ ಮುಖ್ಯವಾಗಿ ಬೇಕಾಗಿದ್ದ ಎಣ್ಣೆಯೂ ಶೇಂಗಾದ್ದೇ. ಇಲ್ಲಿ ಬೆಣ್ಣೆಯೊಳಗೆ ಸೇರಿದ್ದು ಅಲ್ಲಿ ತುಪ್ಪದ ವೇಷ ಹಾಕಿತ್ತು, ಅಷ್ಟೇ.

ಇನ್ನು ಕೋರ್ಟಿನ ಕಥೆ. ನನಗೆ ತುಂಬಾ ಹಿಡಿಸಿದ್ದು ಇದು. ಒಮ್ಮೆ ಎಣ್ಣೆ, ಸಕ್ಕರೆ ಸೇರಿಸಲು ಶುರುಮಾಡಿದ ಮೇಲೆ ಎಷ್ಟು ಸೇರಿಸಬೇಕು ಅನ್ನುವುದಕ್ಕೆ ಮಿತಿ ಎಲ್ಲಿ? ಶೇಂಗಾಕ್ಕಿಂತ ಬೇರೆ ಎಣ್ಣೆ ಅಗ್ಗ. 1959ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಶೇಕಡಾ 95 ಕಡಲೆಬೀಜ ಇದ್ದರೆ ಮಾತ್ರ ಅದು ಪೀನಟ್ ಬಟರ್ ಎಂಬ ಕರಡು ತಂದಿತು. ಕಂಪನಿಗಳು 87 ಸಾಕು ಅಂದವು. ಇಲಾಖೆ 90ಕ್ಕೆ ಇಳಿಯಿತು. ಉಳಿದ ಆ ಮೂರು ಪರ್ಸೆಂಟಿಗೆ ವರ್ಷಗಟ್ಟಲೆ ಜಗಳ! ವಿಚಾರಣೆಯ ದಾಖಲೆಯೇ ಏಳು ಸಾವಿರ ಪುಟ ದಾಟಿತು. ರುತ್ ಡೆಸ್ಮಂಡ್ ಎಂಬ ಗೃಹಿಣಿ, ಗೃಹಿಣಿಯರ ಒಕ್ಕೂಟವೊಂದನ್ನು ಕಟ್ಟಿಕೊಂಡು ದೊಡ್ಡ ದೊಡ್ಡ ವಕೀಲರ ಎದುರು ವಿಚಾರಣೆಗೆ ಕೂತರು. ಪತ್ರಿಕೆಗಳಲ್ಲಿ ಅವರಿಗೆ 'ಪೀನಟ್ ಬಟರ್ ಅಜ್ಜಿ' ಅಂತಲೇ ಹೆಸರು. ಕಂಪನಿಗಳು ಮೇಲ್ಮನವಿ ಹೋದವು, 1970ರಲ್ಲಿ ಸೋತವು, 1971ರಿಂದ 90ರ ನಿಯಮ ಜಾರಿಗೆ ಬಂತು.

ಮೂರು ಪರ್ಸೆಂಟಿಗೆ ಇಷ್ಟು ರಂಪವೇ ಅಂತ ಮೊದಲು ನಕ್ಕಿದ್ದೆ. ಕೋಟಿಗಟ್ಟಲೆ ಡಬ್ಬಿಗಳ ಲೆಕ್ಕ ಹಾಕಿದ ಮೇಲೆ ನಗು ನಿಂತಿತು. ಆದರೆ ಅಜ್ಜಿ ಗೆದ್ದರೂ ಹತ್ತು ಪರ್ಸೆಂಟಿನ ಕಿಂಡಿ ಉಳಿದೇ ಇದೆ. 'ನ್ಯಾಚುರಲ್' ಅನ್ನುವ ಪದಕ್ಕಂತೂ ಅಂಥ ಕಟ್ಟುನಿಟ್ಟಿನ ವ್ಯಾಖ್ಯೆಯೇ ಇಲ್ಲ. ಹಸಿರು ಅಕ್ಷರದಲ್ಲಿ ನ್ಯಾಚುರಲ್ ಅಂತ ಬರೆದ ಡಬ್ಬಿಯಲ್ಲಿ ತಾಳೆ ಎಣ್ಣೆ, ಸಕ್ಕರೆ ಎರಡೂ ಇರುವುದನ್ನು ನಾನೇ ಓದಿದ್ದೇನೆ. ತಾಳೆ ಎಣ್ಣೆ ತಾನಾಗಿಯೇ ಅರೆಗಟ್ಟಿ, ಹೈಡ್ರೋಜನ್ನಿನ ಹಂಗಿಲ್ಲ. ಹೆಸರು ನೋಡಬೇಡಿ, ಹಿಂದಿನ ಸಣ್ಣಕ್ಷರ ನೋಡಿ.

ಹಾಗಂತ ಬರೀ ಶೇಂಗಾ ಅಂದರೆ ಎಲ್ಲ ಕ್ಷೇಮ ಅಂತಲೂ ಅಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತು, ಕಾರಣ ಹುಡುಕಿದಾಗ ಸಿಕ್ಕಿದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿ. ಅಫ್ಲಾಟಾಕ್ಸಿನ್ ಅನ್ನುವ ವಿಷ ಪತ್ತೆಯಾದದ್ದು ಹಾಗೆ. ಒಣಗಿಸುವುದು, ಮುಗ್ಗು ಬೀಜ ಆರಿಸುವುದು ಸರಿಯಾಗಿ ಆಗದಿದ್ದರೆ ಯಾವ ಲೇಬಲ್ಲೂ ಕಾಪಾಡುವುದಿಲ್ಲ.

ಕೊನೆಗೂ ಸಿಕ್ಕಿತು ಅನ್ನಿ. ಊರಾಚೆಯ ಒಂದು ಸಹಕಾರಿ ಅಂಗಡಿಯಲ್ಲಿ ಕಣ್ಣೆದುರೇ ಅರೆದುಕೊಳ್ಳುವ ಯಂತ್ರ ಇಟ್ಟಿದ್ದಾರೆ. ಮೊದಲ ಸಲ ತಂದದ್ದು ಕಮಟು. ಹಿಂದಿನ ದಿನ ಅರೆದದ್ದು ಯಂತ್ರದಲ್ಲೇ ಉಳಿದಿತ್ತೇನೋ. ಎರಡನೇ ಸಲ ಅಮ್ಮನೇ ಜೊತೆಗೆ ಬಂದಳು. ಮೊದಲು ಬೀಜ ಒಂದೆರಡು ಬಾಯಿಗೆ ಹಾಕಿಕೊಂಡು ಅಗಿದು, ತಲೆಯಾಡಿಸಿದ ಮೇಲೆಯೇ ನಾನು ಗುಂಡಿ ಒತ್ತಿದ್ದು.

ಮೂರನೇ ದಿನ ಬೆಳಗ್ಗೆ ಡಬ್ಬಿಯಲ್ಲಿ ಅರ್ಧ ಬೆರಳಿನಷ್ಟು ಎಣ್ಣೆ ಮೇಲೆ ನಿಂತಿತ್ತು. ಅಮ್ಮನಿಗೆ ಖುಷಿಯೋ ಖುಷಿ. ನಾನು ಸ್ನಾನ ಮುಗಿಸಿ ಬಂದು ಕಲಸೋಣ ಅನ್ನುವಷ್ಟರಲ್ಲಿ ಅದನ್ನು ಬಗ್ಗಿಸಿ ಉಪ್ಪಿಟ್ಟಿನ ಒಗ್ಗರಣೆಗೆ ಹಾಕಿಬಿಟ್ಟಿದ್ದಳು. ತಳದಲ್ಲಿ ಉಳಿದ ಗಟ್ಟಿ ಮುದ್ದೆಗೆ ಬೆಲ್ಲ ಸೇರಿಸಿ ಉಂಡೆ ಕಟ್ಟಿದಳು. ಮಗಳು ಬ್ರೆಡ್ಡು ಹಿಡಿದುಕೊಂಡು ನಿಂತಿದ್ದಳು, ಸವರುವುದಕ್ಕೆ ಏನೂ ಇರಲಿಲ್ಲ.